ಅಣ್ಣನ ಕೋಪದ ಕಾರಣಗಳು

ಯಾರ ದನಿಯನ್ನಾದರೂ ಅಣಕಿಸಬಲ್ಲೆ ಎಂಬ ಒಂದೇ ಅರ್ಹತೆಯ ಮೇಲೆ ಮನೆಯವರು ನನ್ನನ್ನು ಅತ್ತಿಗೆಯ ಊರಾದ ಅಗರಕ್ಕೆ ಕಳಿಸಿದರು. ಅಣ್ಣ ಹೊಡೆದನೆಂದು ಅತ್ತಿಗೆ ತವರು ಸೇರಿ ತಿಂಗಳಾಗಿತ್ತು. ಅವಳನ್ನು ನಗಿಸಿ ವಾಪಸು ಕರೆತರುವುದು ನನ್ನ ಪಾಲಿನ ಕೆಲಸ. ಅಣ್ಣನೂ ಜೊತೆಗೆ ಬಂದಿದ್ದ. ಮಾವನ ಮುಖ ನೋಡಲಾರದೆ ರಸ್ತೆಬದಿಯ ಬಸ್ ಸ್ಟಾಪಿನಲ್ಲೇ ಕುಳಿತುಬಿಟ್ಟ.

ನಾವು ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುವವರು. ಕೋಪ ಇಟ್ಟುಕೊಂಡು ಮಗ್ಗದಲ್ಲಿ ಕೂತರೆ ಸೀರೆ ಅದನ್ನು ಮುಚ್ಚಿಡುವುದಿಲ್ಲ. ಎಳೆ ಕೂರಿಸುವ ಹಲಗೆಯನ್ನು ಜೋರಾಗಿ ಬಡಿದ ಕಡೆ ಎಳೆಗಳು ಒತ್ತೊತ್ತಾಗಿ ಕೂತು ಅಡ್ಡಪಟ್ಟೆ ಬೀಳುತ್ತದೆ. ಹಾಗೆ ಪಟ್ಟೆ ಬಿದ್ದ ಸೀರೆಯೊಂದನ್ನು, ನಮಗೆ ನೇಯ್ಗೆಯ ಕೂಲಿ ಕೊಡುವ ಮಾಲೀಕರು ಅಣ್ಣನ ಮುಖಕ್ಕೇ ಎಸೆದರು. ಅಣ್ಣ ಕೈಕಟ್ಟಿ ನಿಂತು, ‘ಆಯ್ತು ಸಾ, ಬುಡಿ ಸಾ’ ಎಂದ. ಮನೆಗೆ ಬಂದವನು, ಏನಾಯಿತು ಎಂದು ಕೇಳಿದ ಅತ್ತಿಗೆಯ ಕೆನ್ನೆಗೆ ಬಾರಿಸಿದ. ಅದು ಮೊದಲ ಸಲವೇನೂ ಅಲ್ಲ.

ಅತ್ತಿಗೆ ಜಗಲಿಯಲ್ಲಿ ಹುಣಸೆಬೀಜ ಬಿಡಿಸುತ್ತಿದ್ದಳು. ನಾನು ಮೊದಲು ನಮ್ಮವ್ವನಾದೆ: ‘ರಕ್ತದಲ್ಲೇ ಬಂದದೆ ಕಣವ್ವಾ. ಅವ್ನ ತಾತಂದೂ ಇದೇ ಕೋಪ, ಅಪ್ಪಂದೂ ಇದೇ ಕೋಪ. ನಾನೇನ್ ಸತ್ತೋದ್ನಾ?’

ಅತ್ತಿಗೆ ನಕ್ಕಳು. ಆಮೇಲೆ ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ನಮ್ಮ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳುವ ಮೇಷ್ಟ್ರಾದೆ: ‘ಮಿದುಳಿನೊಳಗೆ ಬಾದಾಮಿಯಂಥ ಒಂದು ಭಾಗ ಇದೆ. ಯೋಚನೆಗಿಂತ ಮೊದಲು ಅದು ಎಚ್ಚರಾಗುತ್ತೆ. ಬಲವಂತರ ಮೇಲೆ ತೀರಿಸಲಾಗದ ಸಿಟ್ಟು ಕೈಗೆ ಸಿಕ್ಕವರ ಮೇಲೆ ಇಳಿಯುತ್ತೆ. ಜೊತೆಗೆ, ಮಕ್ಕಳು ಕಂಡದ್ದನ್ನೇ ಕಲಿಯುತ್ತಾರೆ.’ ನಡುನಡುವೆ ಮೇಷ್ಟ್ರ ಕೆಮ್ಮನ್ನೂ ಸೇರಿಸಿದೆ. ಆ ಪಾಠದಲ್ಲಿ ನನಗೆ ಪೂರ್ತಿ ಬರುವುದು ಕೆಮ್ಮೊಂದೇ. ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ಗೆದ್ದೆ ಅಂದುಕೊಂಡೆ.

‘ಅದ್ಕೇ ಅತ್ಗೆ, ಅದು ಅಣ್ಣನ ಕೈಲಿಲ್ಲ. ನಡಿ, ಓಗ್ಮಾ.’

ಅವಳ ನಗು ನಿಂತಿತು. ‘ಅವತ್ತು ಮನೇಲಿ ಮಗ್ಗದ ಮ್ಯಾಲೆ ಇನ್ನೊಂದು ಸೀರೆ ಇತ್ತಲ್ಲ. ಅದ್ರದ್ದು ಒಂದ್ ಎಳೇನಾರ ಕಿತ್ತಾಕುದ್ರಾ ನಿಮ್ಮಣ್ಣ?’

‘ಇಲ್ಲ.’

‘ಕಿತ್ರೆ ಮತ್ತೆ ಕಟ್ಬೇಕು ಅಂತ ಆ ಬಾದಾಮಿಗೆ ಗೊತ್ತಿತ್ತು. ಮಾಲೀಕ್ರು ಯಾರು, ನಾನ್ಯಾರು ಅನ್ನೋದೂ ಗೊತ್ತಿತ್ತು. ಇಷ್ಟೆಲ್ಲಾ ಗೊತ್ತಿದ್ದೂ ಕೈಲಿಲ್ಲ ಅಂತೀಯಲ್ಲಪ್ಪಾ.’

ನನ್ನ ಗಂಟಲಲ್ಲಿ ಇನ್ನೂ ಬೇಕಾದಷ್ಟು ದನಿಗಳಿದ್ದವು. ಇಲ್ಲದ ಕನ್ನಡಕವನ್ನು ತೆಗೆದು ಜೇಬಿಗೆ ಹಾಕಿಕೊಂಡೆ.

‘ಉಂಡ್ಕಂಡು ಓಗು. ನಾನಂತೂ ಬರಕಿಲ್ಲ,’ ಎಂದು ಅವಳು ಒಳಗೆ ಹೋಗಿ ತಟ್ಟೆ ಹಾಕಿದಳು.

ನಾನು ಬಸ್ ಸ್ಟಾಪಿಗೆ ಬಂದಾಗ ಅಣ್ಣ ಎದ್ದು ನಿಂತು, ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ನೋಡಿದ.

‘ಏನಂದ್ಲಾ?’

‘ಬರಕಿಲ್ವಂತೆ.’ ಇದನ್ನು ನನ್ನ ದನಿಯಲ್ಲೇ ಹೇಳಿದೆ.

ಅವನು ರಸ್ತೆಯ ಕಡೆ ತಿರುಗಿದ. ಇದ್ದಕ್ಕಿದ್ದಂತೆ ಕೈ ಎತ್ತಿದ. ನಾನು ಎರಡೂ ತೋಳು ಮುಖಕ್ಕೆ ಅಡ್ಡ ಹಿಡಿದು ಬಗ್ಗಿಬಿಟ್ಟೆ.

ಅವನು ಕೈ ತೋರಿಸಿದ್ದು ಕೊಳ್ಳೇಗಾಲದ ಬಸ್ಸಿಗೆ. ನನ್ನನ್ನು ನೋಡಿದ. ಎತ್ತಿದ ಕೈಯನ್ನು ಮೆಲ್ಲಗೆ ಇಳಿಸಿದ. ಬಸ್ಸು ನಿಲ್ಲದೆ ಹೋಯಿತು.