ಆಂಟಿ ಬಿಚ್ಚಿ ಬಿಚ್ಚಿ ಹೊಲಿದ ಕ್ವಿಲ್ಟ್

ಮೊನ್ನೆ ಭಾನುವಾರ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದೆ. ಬೆಳಗ್ಗೆ ತರಿಸಿದ್ದ ಮಸಾಲೆದೋಸೆಯ ಪಾರ್ಸೆಲ್ ಕಾಗದ ಮೇಜಿನ ಮೇಲೆಯೇ ಉಳಿದಿದ್ದುದನ್ನು ನೋಡದೆ ಅದರ ಮೇಲೇ ಕುರ್ತಾ ಹಾಸಿಬಿಟ್ಟಿದ್ದೆ. ಬಿಸಿ ತಾಗಿದ್ದೇ ತಡ, ಕಾಗದಕ್ಕೆ ಸವರಿದ್ದ ಮೇಣ ಕರಗಿ ಒಂದು ವಾಸನೆ ಎದ್ದಿತು... ಅರ್ಧ ಮೇಣದಬತ್ತಿ, ಅರ್ಧ ತುಪ್ಪ. ಬೇರೆ ದಿನವಾಗಿದ್ದರೆ ಹಾಳಾದ ಕುರ್ತಾ ಹಿಡಿದು ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಅಂದು ಇಸ್ತ್ರಿಪೆಟ್ಟಿಗೆಯನ್ನು ಎತ್ತಿಟ್ಟು ಸುಮ್ಮನೆ ಕೂತೆ. ಎದುರುಮನೆ ಆಂಟಿಯ ಹಾಲ್‌ನಲ್ಲಿ ಒಂದು ಕಾಲಕ್ಕೆ ಇದೇ ವಾಸನೆ ತುಂಬಿತ್ತು.

ಗೋರೆಗಾಂವಿನ ಈ ಬಿಲ್ಡಿಂಗಿಗೆ ನಾನು ಮದುವೆಯಾಗಿ ಬಂದಾಗ ನಮ್ಮ ಮಹಡಿಯಲ್ಲಿ ಕನ್ನಡ ಕೇಳಿಸಿದ್ದು ಆ ಮನೆಯಿಂದ ಮಾತ್ರ. ಅವರು ಉಡುಪಿ ಕಡೆಯವರು. ಅಂಕಲ್ ಬೈಕುಲ್ಲಾದಲ್ಲಿ ಹೋಟೆಲ್ ನಡೆಸುತ್ತಿದ್ದರು. ಬೆಳಕು ಹರಿಯುವ ಮೊದಲೇ ಲೋಕಲ್ ರೈಲು ಹಿಡಿದು ಹೋದರೆ ಬರುತ್ತಿದ್ದುದು ರಾತ್ರಿ ಊಟದ ಹೊತ್ತಿಗೆ. ನಾನು ಕುರ್ಲಾದ ಚಾಳಿನಲ್ಲಿ ಬೆಳೆದ ಧಾರವಾಡದ ಕಡೆಯವಳು. ನನ್ನ ಕನ್ನಡದಲ್ಲಿ ಹಿಂದಿ, ಮರಾಠಿ ಎಲ್ಲ ಕಲಸಿಹೋಗಿತ್ತು. ಆಂಟಿ ಅದನ್ನು ತಿದ್ದುತ್ತಿದ್ದರು, ತಾವು ಮಾತ್ರ ತರಕಾರಿಯವನ ಹತ್ತಿರ ಯಾರಿಗೂ ಅರ್ಥವಾಗದ ಹಿಂದಿಯಲ್ಲಿ ಜಗಳವಾಡುತ್ತಿದ್ದರು.

ಹೊತ್ತು ಹೋಗದೆ ಟ್ಯಾಬಿನಲ್ಲಿ ವಿಡಿಯೋ ನೋಡಿ ನೋಡಿ ಕ್ವಿಲ್ಟ್ ಹೊಲಿಯಲು ಕಲಿತಿದ್ದರು. ಮೊದಮೊದಲು ಬರೀ ಚೌಕಗಳು. ನನ್ನ ಅಜ್ಜಿಯೂ ಹೀಗೇ ಕೌದಿ ಹೊಲಿಯುತ್ತಿದ್ದಳು ಎಂದು ಒಮ್ಮೆ ಹೇಳಿದ್ದಕ್ಕೆ ಮುಖ ಊದಿಸಿಕೊಂಡು, ಇದು ಕೌದಿಯಲ್ಲ, ಕ್ವಿಲ್ಟ್ ಎಂದಿದ್ದರು. ಆಮೇಲೆ ನಾನು ಬೇಕೆಂದೇ ಕೌದಿ ಎನ್ನುತ್ತಿದ್ದೆ.

ಒಂದು ವರ್ಷ ಮಳೆಗಾಲದಲ್ಲಿ, ಪುಣೆಗೆ ಮದುವೆ ಮಾಡಿಕೊಟ್ಟಿದ್ದ ಅವರ ಮಗಳು ಒಂದೇ ಬ್ಯಾಗು ಹಿಡಿದು ಮನೆಗೆ ಬಂದಳು. ಅಲ್ಲಿ ಇನ್ನು ತನ್ನಿಂದ ಇರಲಾಗದು ಎಂದಷ್ಟೇ ಹೇಳಿದಳಂತೆ. ಅವಳ ಮೈ ಇಳಿದುಹೋಗಿದ್ದು ನೋಡಿದರೆ ಹೆಚ್ಚಿಗೆ ಕೇಳುವ ಅಗತ್ಯವೂ ಇರಲಿಲ್ಲ. ಅಂಕಲ್ ಕೆಟ್ಟವರಲ್ಲ, ಆದರೆ ನಾಲ್ಕು ಜನರ ಮಾತಿಗೆ ಹೆದರುವವರು. ಸ್ವಲ್ಪ ದಿನ ಇದ್ದು ಸಿಟ್ಟು ಇಳಿದ ಮೇಲೆ ಹೋಗಲಿ, ತಾನೇ ಪುಣೆಗೆ ಬಿಟ್ಟು ಬರುತ್ತೇನೆ ಎಂದು ಹೆಂಡತಿಯ ಹತ್ತಿರ ಹೇಳಿಬಿಟ್ಟಿದ್ದರು. ಮಗಳ ಹಳೆಯ ಕೋಣೆಯಲ್ಲಿ ಹೋಟೆಲಿನ ಹೆಚ್ಚಿನ ಪಾತ್ರೆ, ಅಕ್ಕಿಮೂಟೆ ತುಂಬಿತ್ತು. ಅವಳಿಗೆ ಹಾಲ್‌ನಲ್ಲಿ ಮಡಚುವ ಮಂಚ ಹಾಕಿದರು, ನೆಂಟರಿಗೆ ಹಾಕುವ ಹಾಗೆ.

ಮರುದಿನವೇ ಆಂಟಿ ಟ್ಯಾಬು ಹಿಡಿದುಕೊಂಡು ನನ್ನ ಅಡುಗೆಮನೆಗೆ ಬಂದರು.

"ಮಗಳನ್ನು ತವರಿಂದ ಬರಿಗೈಯಲ್ಲಿ ಕಳಿಸ್ಲಿಕ್ಕಿಲ್ಲ ಅಲ್ವಾ ಮಾರಾಯ್ತಿ? ಒಂದು ಕ್ವಿಲ್ಟ್ ಹೊಲಿದು, ಅದು ಮುಗಿದ ಮೇಲೆ ಕಳಿಸುವ ಅಂತ ಇವರಿಗೆ ಹೇಳಿದ್ದೇನೆ. ಇವರೂ ಹೂಂ ಅಂದ್ರು. ನೀನು ಇದ್ರಲ್ಲಿ ಎಲ್ಲಕ್ಕಿಂತ ಕಷ್ಟದ್ದು ಯಾವುದು, ಅದನ್ನು ಹುಡುಕಿ ಕೊಡು."

ಅಪ್ಪ ಕಳಿಸಲು ಹೊರಟಿರುವುದು ಮಗಳಿಗೆ ತಿಳಿಯಬಾರದೆಂದೂ ಹೇಳಿದರು. ತಿಳಿದರೆ ಅಪ್ಪನ ಮುಖ ನೋಡುವುದಿಲ್ಲ, ಆ ರಾತ್ರಿಯೇ ಎಲ್ಲಿಗಾದರೂ ಹೊರಟುಬಿಡುತ್ತಾಳೆ ಎಂಬ ಭಯ ಅವರಿಗೆ.

ಹುಡುಕಿದೆ. ಸಿಕ್ಕಿದ್ದು ನಿಜಕ್ಕೂ ತಲೆ ತಿನ್ನುವ ವಿನ್ಯಾಸ. ಒಂದೊಂದು ಚೌಕದ ಮೂಲೆಯಲ್ಲಿ ಕಾಲು ಚಕ್ರ, ಅದರ ಸುತ್ತ ಬಾಗಿದ ಪಟ್ಟಿ, ಆ ಪಟ್ಟಿಯ ತುಂಬ ಸೂಜಿಯಂಥ ಮೊನೆಗಳು. ನಾಲ್ಕು ಚೌಕ ಕೂಡಿಸಿದರೆ ಪೂರ್ತಿ ಸೂರ್ಯ. ಆಂಟಿಗೆ ಅದು ಅನಾನಸಿನ ಹೋಳಿನ ಹಾಗೆ ಕಂಡಿತು, ಕೊನೆಯ ತನಕ ಅನಾನಸು ಎಂದೇ ಕರೆದರು. ಮೊನೆಗಳು ಚೂಪಾಗಿ ಬರಬೇಕಾದರೆ ತೆಳು ಕಾಗದದ ಮೇಲೆ ಗೆರೆ ಬರೆದು, ಕೆಳಗೆ ಬಟ್ಟೆಯ ತುಂಡುಗಳನ್ನಿಟ್ಟು ಆ ಗೆರೆಯ ಮೇಲೇ ಹೊಲಿಯಬೇಕು. ಹೊಲಿದು, ಮಡಚಿ, ಇಸ್ತ್ರಿ ಹಾಕಿ, ಮತ್ತೆ ಇನ್ನೊಂದು ತುಂಡು. ಎಲ್ಲ ಆದ ಮೇಲೆ ಹಿಂದಿನ ಕಾಗದವನ್ನು ಹರಿದು ತೆಗೆಯಬೇಕು. ಇಂಗ್ಲಿಷಿನ ಸೂಚನೆ ಓದಿ ಹೇಳುವುದು ನನ್ನ ಕೆಲಸ, ಹೊಲಿಯುವುದು ಅವರದು.

ತೆಳು ಕಾಗದ ಎಂದಾಗ ಹೋಟೆಲಿನವರ ಹೆಂಡತಿಗೆ ಇನ್ನೇನು ನೆನಪಾಗಬೇಕು? ಅಂಕಲ್ ಕೈಯಲ್ಲೇ ಒಂದು ಕಟ್ಟು ಪಾರ್ಸೆಲ್ ಕಾಗದ ತರಿಸಿದರು. ನೋಡಲು ತೆಳ್ಳಗೆ, ಗೆರೆಯೂ ಚೆನ್ನಾಗಿ ಕಾಣುತ್ತಿತ್ತು. ಇಸ್ತ್ರಿ ಇಟ್ಟಾಗ ಮೇಣ ಕರಗಿ ಆಂಟಿಯ ಹಳೆಯ ಸೀರೆಗಳ ರೇಷ್ಮೆ ತುಂಡುಗಳಿಗೆಲ್ಲ ಹತ್ತಿತು, ಮನೆಯೆಲ್ಲ ವಾಸನೆ. ಮಾಡಿದ ಕೆಲಸವೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತಲ್ಲ ಎಂದು ನಾನು ಕೊರಗುತ್ತಿದ್ದರೆ ಆಂಟಿ ಒಳಗೊಳಗೇ ಖುಷಿಯಾಗಿದ್ದರು. ಮತ್ತೆ ಮೊದಲಿಂದ ಹೊಲಿಯಬೇಕು, ಗಣಪತಿ ಹಬ್ಬದ ತನಕ ಚಿಂತೆಯಿಲ್ಲ ಎಂದರು.

ಮೊನೆಗಳಾದ ಮೇಲೆ ಬಾಗಿದ ಅಂಚುಗಳನ್ನು ಕೂಡಿಸುವ ಕಷ್ಟ. ಒಂದರ ಅಂಚು ಹೊರಗೆ ಉಬ್ಬಿದ್ದು, ಇನ್ನೊಂದರದ್ದು ಒಳಗೆ ಬಾಗಿದ್ದು. ಪಕ್ಕದಲ್ಲಿಟ್ಟರೆ ಜನ್ಮದಲ್ಲಿ ಸೇರುವಂತೆ ಕಾಣುವುದಿಲ್ಲ. ನಡುವೆ ಒಂದು ಗುಂಡುಸೂಜಿ, ಎರಡು ತುದಿಗೆ ಎರಡು, ಆಮೇಲೆ ಸಂದುಸಂದಿಗೆ ಒಂದೊಂದು ಚುಚ್ಚಿ, ಎಳೆಯದೆ, ಬಟ್ಟೆಯನ್ನು ರಮಿಸುತ್ತಾ ಹೊಲಿಯಬೇಕು. ಎಲ್ಲೋ ಒಂದು ಸಣ್ಣ ನೆರಿಗೆ ಬಿದ್ದರೂ ಆಂಟಿ ಬಿಚ್ಚುತ್ತಿದ್ದರು. ಎಷ್ಟೋ ಸಲ ನನ್ನ ಕಣ್ಣಿಗೆ ನೆರಿಗೆಯೇ ಕಾಣುತ್ತಿರಲಿಲ್ಲ, ಆದರೂ ಬಿಚ್ಚುತ್ತಿದ್ದರು. ಮಗಳು ಮಂಚದ ಮೇಲೆ ಕಾಲು ಚಾಚಿ ಕೂತು ಇದನ್ನೆಲ್ಲ ನೋಡಿ ಗೇಲಿ ಮಾಡುತ್ತಿದ್ದಳು. ಬಂದಾಗ ಸೊಲ್ಲೆತ್ತದವಳು ನಗಲು ಶುರುಮಾಡಿದ್ದೇ ತಾಯಿಯ ಹೊಲಿಗೆ ನೋಡಿ. ದೀಪಾವಳಿ ಕಳೆಯಿತು. ಅವಳು ಅಂಧೇರಿಯಲ್ಲೊಂದು ಕೆಲಸಕ್ಕೆ ಸೇರಿದಳು. ಕ್ವಿಲ್ಟ್ ಅರ್ಧವೂ ಆಗಿರಲಿಲ್ಲ.

ಬಟ್ಟೆ ಸಾಲದೆ ಬಂತು. ಮಗಳ ಸೀರೆಗಳೆಲ್ಲ ಪುಣೆಯ ಬೀರುವಿನಲ್ಲೇ ಉಳಿದಿದ್ದವು. ಒಂದು ಸಂಜೆ ನಾನು ಹೋದಾಗ ಆಂಟಿ ತಮ್ಮ ಕುಂಕುಮ ಬಣ್ಣದ ಧಾರೆ ಸೀರೆಯನ್ನು ನೆಲದ ಮೇಲೆ ಹರಡಿ ಕತ್ತರಿ ಹಿಡಿದು ಕೂತಿದ್ದರು. ಗಂಡ ಬದುಕಿರುವಾಗ ಮುತ್ತೈದೆ ಧಾರೆ ಸೀರೆ ಕತ್ತರಿಸುವುದುಂಟೇ? ಬೇಡ ಆಂಟಿ ಎಂದೆ. ಅವರು ಕೇಳದೆ ಕತ್ತರಿ ಆಡಿಸಿಯೇಬಿಟ್ಟರು.

ಅಂಕಲ್ ಅದನ್ನು ನೋಡಿದ್ದು ಕೆಲವು ದಿನಗಳ ನಂತರ. ಮಗಳು ಕೆಲಸದಿಂದ ಇನ್ನೂ ಬಂದಿರಲಿಲ್ಲ. ನಾನು ಗುಂಡುಸೂಜಿ ಎತ್ತಿಕೊಡುತ್ತಾ ಕೂತಿದ್ದೆ. ಅವರು ಚಪ್ಪಲಿ ಬಿಟ್ಟು ಒಳಗೆ ಬಂದು ಕ್ವಿಲ್ಟಿನ ಮುಂದೆ ನಿಂತರು. ಹೊಸದಾಗಿ ಕೂಡಿಸಿದ್ದ ಕುಂಕುಮ ಬಣ್ಣದ ಕಾಲು ಚಕ್ರವನ್ನೇ ನೋಡಿದರು. ಗುರುತು ಹತ್ತಿರಬೇಕು. ಗಂಡಹೆಂಡಿರು ತಮ್ಮತಮ್ಮಲ್ಲಿ ಮಾತಾಡುತ್ತಿದ್ದುದು ತುಳುವಿನಲ್ಲಿ, ಅಂದು ನಾನೂ ಕೇಳಲಿ ಎಂದೋ ಏನೋ ಕನ್ನಡದಲ್ಲೇ ಕೇಳಿದರು.

"ಇದು ಮುಗೀಲಿಕ್ಕೆ ಉಂಟಾ, ಇಲ್ವಾ?"

"ಅವಳನ್ನು ಕಳಿಸುದಾದ್ರೆ ಮುಗಿಯುದಿಲ್ಲ," ಆಂಟಿ ತಲೆ ಎತ್ತದೆ ಹೇಳಿದರು.

ಅಂಕಲ್ ಕೈಕಾಲು ತೊಳೆಯಲು ಹೋದರು. ನಾನು ಮೆಲ್ಲಗೆ ಜಾಗ ಖಾಲಿ ಮಾಡಿದೆ. ಮರುದಿನ ಬೆಳಗ್ಗೆ ಮೆಟ್ಟಿಲಿನಲ್ಲಿ ಪಾತ್ರೆಗಳ ಸದ್ದು ಕೇಳಿ ಬಾಗಿಲು ತೆಗೆದರೆ, ಹೋಟೆಲಿನವರಿಬ್ಬರು ಮಗಳ ಕೋಣೆಯ ಕೊಪ್ಪರಿಗೆ, ಅಕ್ಕಿಮೂಟೆಗಳನ್ನೆಲ್ಲ ಕೆಳಗೆ ಸಾಗಿಸುತ್ತಿದ್ದರು. ಅಂಕಲ್ ಅಂದು ಹೋಟೆಲಿಗೆ ತಡವಾಗಿ ಹೋದರು. ಹೋಗುವಾಗ ಹೆಂಡತಿಗೆ, ಇನ್ನಾದರೂ ಮುಗಿಸು, ಅವಳಿಗೆ ಹೊದೆಯಲು ಬೇಕಲ್ಲ ಎಂದರಂತೆ.

ಆಮೇಲೆ ನೋಡಬೇಕಿತ್ತು ಆಂಟಿಯ ಕೈ! ನಾನು ಸೂಚನೆ ಓದಿ ಮುಗಿಸುವ ಮೊದಲೇ ಅಂಚು ಕೂಡಿರುತ್ತಿತ್ತು. ಒಂದು ನೆರಿಗೆಯಿಲ್ಲ, ಒಂದು ಮೊನೆ ಮೊಂಡಾಗಲಿಲ್ಲ. ಹೋಳಿ ಬರುವುದರೊಳಗೆ ಮಗಳ ಮಂಚದ ಮೇಲೆ ಕ್ವಿಲ್ಟ್ ಹಾಸಿತ್ತು...

ಆಂಟಿ ತೀರಿಹೋಗಿ ಮೂರು ವರ್ಷವಾಯಿತು. ಅವರ ಹಿಂದೆಯೇ ಅಂಕಲ್ ಕೂಡ ಹೋದರು. ಎದುರುಮನೆಯಲ್ಲಿ ಈಗ ಮಗಳಿದ್ದಾಳೆ, ಅದೇ ಕೋಣೆಯಲ್ಲೇ ಮಲಗುತ್ತಾಳೆ. ಮೊನ್ನೆ, ಆ ವಾಸನೆ ಎದ್ದ ದಿನವೇ ಸಂಜೆ, ಕ್ವಿಲ್ಟ್ ಹೆಗಲಿಗೆ ಹಾಕಿಕೊಂಡು ಬಂದಳು. ಧಾರೆ ಸೀರೆಯ ರೇಷ್ಮೆ ಹಳತಾಗಿ ಬಾಗಿದ ಅಂಚಿನಲ್ಲಿ ಬಿಟ್ಟುಕೊಂಡಿತ್ತು. ಸರಿಮಾಡಲು ಆಗುತ್ತದಾ ಎಂದು ಕೇಳಿ, ಎಂದಿನಂತೆ ನಕ್ಕಳು.

"ಮಮ್ಮಿಗೆ ಸಿಲಾಯಿ ಬರ್ತಾನೇ ಇರ್ಲಿಲ್ಲ ಅಲ್ವಾ ಅಕ್ಕ? ಎಷ್ಟು ಬಿಚ್ಚಿದ್ರು ಇದನ್ನ."

ಬೇರೆ ಏನೆಂದಿದ್ದರೂ ಸುಮ್ಮನಿರುತ್ತಿದ್ದೆನೇನೋ. ಆಂಟಿಗೆ ಹೊಲಿಗೆ ಬರುತ್ತಿರಲಿಲ್ಲ ಎಂಬ ಮಾತನ್ನು ಮಾತ್ರ ಅಂದು ತಡೆದುಕೊಳ್ಳಲಾಗಲಿಲ್ಲ. ಎಲ್ಲವನ್ನೂ ಹೇಳಿದೆ, ಅಪ್ಪ ಕೋಣೆ ಖಾಲಿ ಮಾಡಿಸಿದ್ದನ್ನೂ ಸೇರಿಸಿ.

ಅವಳು ಬಿಟ್ಟುಕೊಂಡ ಅಂಚನ್ನು ಬೆರಳಿನಿಂದ ಜೋಡಿಸಿ ಹಿಡಿದುಕೊಂಡೇ ಕೇಳಿದಳು.

"ನಾನು ಮಮ್ಮಿ ಎದುರಿಗೇನೇ ಎಲ್ಲರಿಗೂ ಹೇಳಿ ನಗ್ತಿದ್ದೆ ಅಕ್ಕ," ಎಂದಳು ಆಮೇಲೆ. "ಮಮ್ಮಿನೂ ನನ್ ಜೊತೆ ನಗ್ತಿದ್ರು."

ಅವಳು ಅಳತೊಡಗಿದಾಗ ನಾನು ಸಮಾಧಾನ ಹೇಳಲಿಲ್ಲ. ನನಗೂ ಆಂಟಿ ಬೇಕಾಗಿದ್ದರು.