ಮುಂದೆ ಕೂತು ಮುಳ್ಳು ನೋಡುವವರು

ಟ್ಯಾಂಕಿನಲ್ಲಿ ಒಂದು ತೊಟ್ಟು ಪೆಟ್ರೋಲಿಲ್ಲ. ಮುಳ್ಳು ಮಾತ್ರ ‘ಫುಲ್’ ಎಂದು ತೋರಿಸುತ್ತಿದೆ. ಕಾರು ಮಿಡಿಗೇಶಿಗೂ ಪಾವಗಡಕ್ಕೂ ನಡುವೆ, ನೆರಳಿಗೊಂದು ಮರವೂ ಇಲ್ಲದ ಕಡೆ ನಿಂತುಬಿಟ್ಟಿದೆ. ಒಳಗೆ ಹೆರಿಗೆಗೆ ಹೊರಟ ಹುಡುಗಿ.

ಇದು ಹೋದ ತಿಂಗಳ ಸಂಗತಿ. ಗಾಬರಿ ಬೇಡ. ಹಿಂದೆ ಬಂದ ಬಸ್ಸಿನವರು ಅವಳನ್ನು ಹತ್ತಿಸಿಕೊಂಡರು, ಆಸ್ಪತ್ರೆಯಲ್ಲೇ ಹೆರಿಗೆಯಾಯಿತು, ಹೆಣ್ಣು ಮಗು. ಆದರೆ ಕಾರು ಓಡಿಸುತ್ತಿದ್ದ ನನ್ನ ಮೈದುನ ರಂಗಣ್ಣ ಅವತ್ತು ಸಂಜೆ ಮನೆಗೆ ಬಂದವನೇ ಬೀಗದ ಕೈಯನ್ನು ಗೂಡಿನಲ್ಲಿಟ್ಟು, “ಈ ಸುಳ್ಳು ಹೇಳೋ ಕಾರು ನಂಗೆ ಬ್ಯಾಡ ಅತ್ತಿಗೆ, ಕೊಟ್ಬುಡಣ” ಎಂದ. ಕೊಳ್ಳುವವರೂ ಸಿದ್ಧರಿದ್ದರು. ಪಾವಗಡದ ಒಬ್ಬರು ಯುಗಾದಿಯಿಂದ ಕೇಳುತ್ತಲೇ ಇದ್ದರು.

ಮೊಮ್ಮಕ್ಕಳೇ, ಆ ಕಾರು ನಿಮಗೆ ಗೊತ್ತು. ನಿಮ್ಮ ತಾತನ ಹಳೇ ಅಂಬಾಸಿಡರ್. ಕುರಿ ಕಾಯುವ ಮನೆಯಲ್ಲಿ ಹುಟ್ಟಿ ಸ್ಟೇರಿಂಗ್ ಹಿಡಿದ ಮೊದಲನೆಯವರು ಅವರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂದು ಹದಿನಾರು ವರ್ಷ ಬಾಡಿಗೆ ಓಡಿಸಿದರು. ಅವರು ತೀರಿಕೊಂಡು ಒಂದು ವರ್ಷವಾಯಿತು. ಅವರ ಅಂಗಿ, ಚಪ್ಪಲಿ ಎಲ್ಲ ಯಾರ ಯಾರಿಗೋ ಹೋದವು. ಸ್ಟೇರಿಂಗಿನ ಮೇಲೆ ಅವರ ಬೆರಳು ತಾಗಿ ತಾಗಿ ಬಣ್ಣ ಹೋದ ಎರಡು ಜಾಗ ಮಾತ್ರ ಉಳಿದಿದೆ. ಅದನ್ನು ಯಾರಿಗೆಂದು ಕೊಡಲಿ?

ಆದರೆ ಹೀಗೆಂದು ಹೇಳುವುದು ಹೇಗೆ? ಒಂದೇ ಮಾತು ಹೇಳಿದೆ. ಒಂದು ಸಲ ಶಿರಾದಲ್ಲಿ ತೋರಿಸು, ಸರಿಹೋಗದಿದ್ದರೆ ಕೊಡು. (ಮನೆಯ ವ್ಯವಹಾರದಲ್ಲಿ ನಾನು ಬಾಯಿ ಹಾಕಿದ್ದೇ ಇಲ್ಲ. ರಂಗಣ್ಣ ಆ ಆಶ್ಚರ್ಯಕ್ಕೇ ಒಪ್ಪಿಕೊಂಡನೋ ಏನೋ.) ಒಪ್ಪಿಕೊಂಡ, ಆದರೆ ಅದೇ ದಿನ ಶಿರಾಕ್ಕೆ ಬರಲು ಪಾವಗಡದವರಿಗೂ ಹೇಳಿ ಕಳಿಸಿದ. ಮಧ್ಯಾಹ್ನದೊಳಗೆ ಮುಳ್ಳು ಸರಿಹೋದರೆ ಕಾರು ನಮ್ಮದು. ಇಲ್ಲದಿದ್ದರೆ ಅಲ್ಲಿಂದಲೇ ಅವರದು.

ಕಳೆದ ಮಂಗಳವಾರ ಹೋದೆವು. ನಾನು ಎಂದಿನಂತೆ ಹಿಂದಿನ ಸೀಟಿನಲ್ಲಿ.

ಮೆಕ್ಯಾನಿಕ್ ಬಾಷಾ ಸಾಬರ ಶೆಡ್ಡು ಒಂದು ಹುಣಸೆ ಮರದ ಕೆಳಗಿದೆ. ನಿಮ್ಮ ತಾತನ ವಾರಿಗೆಯವರು, ಅವರನ್ನು ಚೆನ್ನಾಗಿ ಬಲ್ಲವರು. ಕಾರು ಬಿಟ್ಟು ರಂಗಣ್ಣ ಪಾವಗಡದವರನ್ನು ಕರೆತರಲು ಬಸ್ ಸ್ಟ್ಯಾಂಡಿಗೆ ಹೊರಟ. ನಾನು ಮರದ ಕೆಳಗೆ ಒಂದು ಹಳೇ ಟೈರಿನ ಮೇಲೆ, ಸೆರಗು ಹೊದ್ದು ಕೂತೆ.

ಸಾಬರು ಡಿಕ್ಕಿ ತೆಗೆದು ನೋಡಿ ನನಗೆ ವಿವರಿಸಿದರು. ನಾನು ಕೇಳಿರಲಿಲ್ಲ, ಆದರೂ ಹೇಳಿದರು. ಟ್ಯಾಂಕಿನೊಳಗೆ ಪೆಟ್ರೋಲಿನ ಮೇಲೆ ತೇಲುವ ಒಂದು ಬುರುಡೆ ಇರುತ್ತದಂತೆ. ಪೆಟ್ರೋಲ್ ಇಳಿದರೆ ಅದೂ ಇಳಿಯುತ್ತದೆ. ಆ ಸುದ್ದಿಯನ್ನು ಒಂದು ವೈರು ಕಾರಿನ ಉದ್ದಕ್ಕೂ ಸಾಗಿ ಮುಂದಿನ ಮುಳ್ಳಿಗೆ ಮುಟ್ಟಿಸುತ್ತದೆ. ನಮ್ಮ ಕಾರಿನಲ್ಲಿ ಆ ವೈರು ಎಲ್ಲಾದರೂ ತುಂಡಾದರೆ ಮುಳ್ಳು ಮೇಲೇರಿ ‘ಫುಲ್’ನಲ್ಲೇ ನಿಂತುಬಿಡುತ್ತದೆ. ಸುದ್ದಿ ಬರದಿದ್ದರೆ ಎಲ್ಲ ಚೆನ್ನಾಗಿದೆ ಎಂದುಕೊಳ್ಳುವ ಮುಳ್ಳು. (ಮನುಷ್ಯರಲ್ಲೂ ಇಂಥವರಿದ್ದಾರೆ.)

ಎಲ್ಲಿ ತುಂಡಾಗಿದೆ ಎಂದು ಕಂಡುಹಿಡಿಯಲು ಇಬ್ಬರು ಬೇಕು. ಒಬ್ಬರು ಹಿಂದಿನಿಂದ ವೈರಿಗೆ ಅಲ್ಲಲ್ಲಿ ಸೂಜಿ ಚುಚ್ಚಿ, ಆ ಸೂಜಿಯನ್ನು ಕಾರಿನ ಮೈಗೆ ಮುಟ್ಟಿಸುತ್ತಾ ಬರಬೇಕು. ಚುಚ್ಚಿದ ಜಾಗದಿಂದ ಮುಂದಕ್ಕೆ ವೈರು ಸರಿಯಿದ್ದರೆ ಮುಳ್ಳು ಕೆಳಗೆ ಬೀಳುತ್ತದೆ. ಅದನ್ನು ಇನ್ನೊಬ್ಬರು ಮುಂದೆ ಕೂತು ನೋಡಿ ಹೇಳಬೇಕು.

ಸಾಬರು ಸುತ್ತ ನೋಡಿದರು. ನಾನಲ್ಲದೆ ಯಾರೂ ಇರಲಿಲ್ಲ.

“ಅಮ್ಮಾ, ಜರಾ ಮುಂದಿನ ಸೀಟಲ್ಲಿ ಕೂತ್ಕಳಿ. ಮುಳ್ಳು ಬಿದ್ರೆ ಬಿತ್ತು ಅನ್ನಿ. ಅಷ್ಟೇ ಕೆಲ್ಸ.”

ಈ ಮಾತನ್ನು ನಾನು ಮೊದಲೂ ಕೇಳಿದ್ದೆ. ಎಷ್ಟು ಸಲ!

ಆ ವೈರು ನಿಮ್ಮ ತಾತನ ಕಾಲದಲ್ಲೂ ಕೈಕೊಡುತ್ತಿತ್ತು. ಮನೆ ಮುಂದೆ ಬೇವಿನ ಮರದ ಕೆಳಗೆ ನಿಲ್ಲಿಸಿಕೊಂಡು ತಾವೇ ರಿಪೇರಿಗೆ ಕೂರುತ್ತಿದ್ದರು. ಆಮೇಲೆ ಕರೆಯುತ್ತಿದ್ದರು. “ಇವಳೇ, ಒಸಿ ಬಾ. ಮುಂದ್ಗಡೆ ಕುಂತ್ಕಂಡು ಮುಳ್ಳು ನೋಡು, ನಾನು ಹಿಂದೆ ಮುಟ್ಟಿಸ್ತೀನಿ.”

ನಾನು ಬಾಗಿಲ ಮರೆಯಿಂದಲೇ, “ಒಲೆ ಮ್ಯಾಲೆ ಸಾರೈತೆ” ಎನ್ನುತ್ತಿದ್ದೆ.

ಎದುರಿಗೆ ಟೀ ಅಂಗಡಿ. ಬೆಂಚಿನ ತುಂಬ ಗಂಡಸರು. ಕಾರಿನ ಮುಂದಿನ ಸೀಟಿನಲ್ಲಿ ಕೂತು ಬಿತ್ತು, ಬಿದ್ದಿಲ್ಲ ಎಂದು ಕೂಗುವುದೆಂದರೇನು? ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದೆ, ಹಾಜರಿ ಕೂಗಿದಾಗ ಒಂದು ದಿನವೂ ಬಾಯಿಬಿಟ್ಟು ‘ಇದ್ದೀನಿ’ ಎಂದವಳಲ್ಲ. ಕೈ ಎತ್ತುತ್ತಿದ್ದೆ. ಮೇಷ್ಟ್ರೂ ಅದಕ್ಕೇ ಒಗ್ಗಿಹೋಗಿದ್ದರು.

ಹಾಗಾಗಿ ಅವರು ಒಬ್ಬರೇ ಮಾಡುತ್ತಿದ್ದರು. ಹಿಂದೆ ವೈರು ಸಿಕ್ಕಿಸುವುದು, ಮುಂದೆ ಬಂದು ಬಗ್ಗಿ ನೋಡುವುದು, ಮತ್ತೆ ಹಿಂದಕ್ಕೆ ಹೋಗುವುದು. ಬಿಸಿಲಲ್ಲಿ ಹತ್ತು ಸಲ, ಹದಿನೈದು ಸಲ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಸಾರಿನ ಪಾತ್ರೆ ಎಷ್ಟೋ ಸಲ ಆಗಲೇ ಕೆಳಗಿಳಿದಿರುತ್ತಿತ್ತು. ಕೋಪ ಮಾಡಿಕೊಂಡವರಲ್ಲ. ಒಂದು ದಿನ ಮಾತ್ರ ಕೈ ಒರೆಸಿಕೊಳ್ಳುತ್ತಾ ನಕ್ಕು, “ನಿನ್ನ ಸಾರು ಎಷ್ಟೊತ್ತು ಕುದೀತದೆ ಕಣೇ?” ಎಂದರು. ಆಮೇಲೆ ಕರೆಯುವುದನ್ನೂ ಕಡಿಮೆ ಮಾಡಿದರು.

ಶೆಡ್ಡಿನಲ್ಲಿ ಒಲೆ ಇರಲಿಲ್ಲ, ಸಾರೂ ಇರಲಿಲ್ಲ. ಎದ್ದೆ. ಮುಂದಿನ ಬಾಗಿಲು ತೆಗೆದು ಕೂತೆ. ಸಾಬರು ಸ್ವಿಚ್ ಹಾಕಿ ಹಿಂದಕ್ಕೆ ಹೋದರು. ಮುಳ್ಳು ಎದ್ದು ‘ಫುಲ್’ನಲ್ಲಿ ನಿಂತಿತು.

“ಬಿತ್ತಾ?”

ನಾನು ತಲೆಯಾಡಿಸಿದೆ.

“ಅಮ್ಮಾ, ನೀವು ತಲೆ ಆಡಿಸಿದ್ರೆ ಡಿಕ್ಕಿಗೆ ಕಾಣಲ್ಲ.”

“ಇಲ್ಲ” ಎಂದೆ. ಸಾಬರಿಗೆ ಕೇಳಲಿಲ್ಲ. “ಇಲ್ಲಾ” ಎಂದು ಇನ್ನೊಮ್ಮೆ ಹೇಳಿದೆ. ನನ್ನ ದನಿ ನನಗೇ ಬೇರೆಯವರದಂತೆ ಕೇಳಿಸಿತು.

ಸಾಬರು ಹಿಂದಿನ ಸೀಟನ್ನು ಎತ್ತಿ ಹೊರಗಿಟ್ಟರು. ಅದರ ಕೆಳಗೆ ಕಡಲೆಕಾಯಿ ಸಿಪ್ಪೆಯ ರಾಶಿ. ನಡುವೆ ಹತ್ತಿ ಚೂರು, ಕಾಗದದ ಚೂರು ಸೇರಿಸಿ ಇಲಿ ಗೂಡು ಕಟ್ಟಿತ್ತು. ಗೌಡಗೆರೆಯಿಂದ ನಿಮ್ಮಮ್ಮ ಕಡಲೆಕಾಯಿ ಮೂಟೆ ಕಳಿಸಿದ ದಿನ ಆ ಸೀಟಿನಲ್ಲಿ ಕೂತು ಬಂದವರು ಯಾರು, ಸುಲಿದ ಸಿಪ್ಪೆಯನ್ನು, ಬೇಡವಾದ ಬೀಜವನ್ನು ಸಂದಿಗೆ ತುರುಕಿದವರು ಯಾರು ಎಂದು ನಾನು ನಾಲ್ಕು ಜನ ಓದುವ ಈ ಪತ್ರಿಕೆಯಲ್ಲಿ ಬರೆಯುವುದಿಲ್ಲ. (ನಿಮಗೆ ಗೊತ್ತು.)

ಸಿಪ್ಪೆ ಬಳಿದು ತೆಗೆದ ಮೇಲೆ ವೈರು ಕಂಡಿತು. ಅದರ ಮೇಲೆ ಅಲ್ಲಲ್ಲಿ ಕಪ್ಪಗೆ ದಪ್ಪಗೆ ಮೂರು ಗಂಟು. ಸಾಬರು ಬೆರಳಿನಿಂದ ಸವರಿ ನೋಡಿದರು.

“ಅರೆ, ಇದು ಟೇಪಲ್ಲ. ಉಣ್ಣೆ.”

ಹಿಂದಕ್ಕೆ ಬಗ್ಗಿ ನೋಡಿದೆ. ಕರಿಕುರಿಯ ಉಣ್ಣೆ. ನಾನೇ ನೂತದ್ದು. ಕಂಬಳಿಗೆಂದು ನೂಲುವಾಗ ನಿಮ್ಮ ತಾತ ಒಂದು ಉಂಡೆ ಕೇಳಿ ತೆಗೆದುಕೊಂಡು ಕಾರಿನಲ್ಲಿಟ್ಟುಕೊಂಡಿದ್ದರು. ಏನಾದರೂ ಕಟ್ಟಲು ಇರಬೇಕು ಎಂದುಕೊಂಡಿದ್ದೆ. ವೈರಿನ ತುದಿ ತುದಿ ಹೊಸೆದು, ಅದರ ಮೇಲೆ ನನ್ನ ನೂಲನ್ನು ಸಾಲಾಗಿ, ಬಿಗಿಯಾಗಿ ಸುತ್ತಿದ್ದರು. ನೂಲು ಹರಿದಾಗ ಮಗ್ಗದವರು ಸೇರಿಸುತ್ತಾರಲ್ಲ, ಹಾಗೆ. ಅಲ್ಲಿಗೆ, ನಾನು ಮುಂದೆ ಕೂರಲು ಒಲ್ಲದ ಕಾರಿನೊಳಗೆ ನನ್ನ ಉಣ್ಣೆ ಅಷ್ಟು ವರ್ಷವೂ ಓಡಾಡುತ್ತಿತ್ತು.

ಸಾಬರು ಮೂರನೇ ಗಂಟಿನ ಪಕ್ಕದಲ್ಲಿ ಚುಚ್ಚಿದರು. ಮುಳ್ಳು ಅಲುಗಲಿಲ್ಲ. ಇಲಿ ಗೂಡು ದಾಟಿ, ಬಾಗಿಲ ಕಡೆಗೆ ಒಂದು ಗೇಣು ಮುಂದೆ ಚುಚ್ಚಿದರು.

ಮುಳ್ಳು ದಡಕ್ಕನೆ ಬಿತ್ತು.

“ಬಿತ್ತು!” ಎಂದು ಕೂಗಿಬಿಟ್ಟೆ. ಎದುರಿನ ಸೈಕಲ್ ಅಂಗಡಿಯವನು ತಿರುಗಿ ನೋಡಿದ. ನೋಡಲಿ.

ಆ ಒಂದು ಗೇಣಿನಲ್ಲೇ ಇಲಿ ವೈರನ್ನು ಕಡಿದುಹಾಕಿತ್ತು. ಸಾಬರು ಅಷ್ಟನ್ನು ಕತ್ತರಿಸಿ ಹೊಸ ತುಂಡು ಸೇರಿಸಿದರು. ಹಳೇ ಗಂಟುಗಳನ್ನೂ ಬಿಚ್ಚಿ ಟೇಪ್ ಸುತ್ತಲೇ ಎಂದು ಕೇಳಿದರು. ಈ ಸಲ ತಲೆಯಾಡಿಸಲಿಲ್ಲ, ಬಾಯಿಬಿಟ್ಟೇ ಹೇಳಿದೆ. “ಬ್ಯಾಡಿ. ಅವು ಹಂಗೇ ಇರ್ಲಿ.” ಸಾಬರು ಒಂದೊಂದನ್ನೂ ಎಳೆದು ನೋಡಿ, “ಗಟ್ಟಿ ಅವೆ ಅಮ್ಮಾ, ಇಲಿನೂ ಮುಟ್ಟಿಲ್ಲ” ಎಂದರು.

ಕೊನೆಗೆ ಸ್ವಿಚ್ ಹಾಕಿದಾಗ ಮುಳ್ಳು ನಿಧಾನವಾಗಿ ಮೇಲೆದ್ದು, ಕಾಲು ಭಾಗಕ್ಕೂ ಬರದೆ ನಿಂತಿತು. ಟ್ಯಾಂಕಿನಲ್ಲಿದ್ದದ್ದೂ ಅಷ್ಟೇ. ಖಾಲಿ ಇರುವುದನ್ನು ಖಾಲಿ ಎಂದು ತೋರಿಸಿದ್ದಕ್ಕೆ ಇಷ್ಟು ಸಂತೋಷಪಡಬಹುದೆಂದು ನನಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ರಂಗಣ್ಣ ಪಾವಗಡದವರ ಜೊತೆ ಬಂದ. ಮುಂದಿನ ಸೀಟಿನಲ್ಲಿ ಅತ್ತಿಗೆ! ಅವನು ಮುಳ್ಳನ್ನೂ ನೋಡಿದ, ನನ್ನನ್ನೂ ನೋಡಿದ. ನಾನು ಇಳಿಯಲಿಲ್ಲ. ಪಾವಗಡದವರು ಒಂದು ಸುತ್ತು ಬಂದು, ಬಾಗಿಲ ಹತ್ತಿರ ಸ್ವಲ್ಪ ಹೊತ್ತು ಕಾದು ನೋಡಿದರು. ಆಮೇಲೆ ನಗುತ್ತಾ, “ಏಮಯ್ಯಾ ರಂಗಣ್ಣ, ಕಾರೊಂದೇ ಅಂದಿದ್ದೆ. ಅಮ್ಮನ್ನೂ ಸೇರಿಸಿ ಕೊಡ್ತೀಯೇನು?” ಎಂದರು.

ರಂಗಣ್ಣ ತಲೆ ಕೆರೆದುಕೊಂಡು, “ಇರ್ಲಿ ಬುಡಿ ಸ್ವಾಮಿ, ಇನ್ನೊಂದಷ್ಟು ದಿನ ನಾವೇ ಓಡಿಸ್ತೀವಿ” ಎಂದ.

ಮಧುಗಿರಿ ದಾಟಿ ಊರ ಕಡೆ ತಿರುಗಿದೆವು. ಈ ದಾರಿಯಲ್ಲಿ ಬರುವಾಗಲೆಲ್ಲ ನಿಮ್ಮ ತಾತ ಕತ್ತು ತಿರುಗಿಸದೆಯೇ, “ಬೆಟ್ಟ ನೋಡು” ಎನ್ನುತ್ತಿದ್ದರು. ಹಿಂದೆ ಕೂತ ನನಗೆ ಕಾಣುತ್ತಿದ್ದದ್ದು ಅರ್ಧ ಬೆಟ್ಟ, ಉಳಿದರ್ಧ ಅವರ ಹೆಗಲು. ಆ ಅರ್ಧವನ್ನೇ ನೋಡಿ ‘ಹೂಂ’ ಎನ್ನುತ್ತಿದ್ದೆ. ಮಂಗಳವಾರ ಮುಂದಿನ ಗಾಜಿನ ತುಂಬ ಮಿಡಿಗೇಶಿ ಬೆಟ್ಟ ಬಂದು ನಿಂತಿತು, ಕೋಟೆಯ ಗೋಡೆ ಸಮೇತ, ಬುಡದಿಂದ ತುದಿಯವರೆಗೆ. ಯಾರಿಗಾದರೂ ತೋರಿಸಬೇಕೆನಿಸಿತು. ಪಕ್ಕಕ್ಕೆ ತಿರುಗಿದೆ. ಸ್ಟೇರಿಂಗಿನ ಬಣ್ಣ ಹೋದ ಜಾಗದಲ್ಲಿ ರಂಗಣ್ಣನ ಕೈಗಳಿದ್ದವು.

ರಾತ್ರಿ ಊಟಕ್ಕೆ ಸಾರು ಮಾಡಲು ಕೂತಾಗ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಅವರು ಕರೆದಾಗಲೆಲ್ಲ ನಾನು ಬಿಟ್ಟು ಬರಲಾಗದಂಥದ್ದು, ಒಲೆಯ ಮೇಲೆ ಇದ್ದದ್ದು, ಅದು ಯಾವ ಸಾರು?