ಜರ್ಮನ್ ಆಟಗಾರನ ಮಂಡಿ

ಎಪ್ಪತ್ತರ ದಶಕದಲ್ಲಿ ಆಸ್ಟ್ರೇಲಿಯಾದ ಪರ್ತ್‌ನ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದಾಗ ಒಬ್ಬ ಜರ್ಮನ್ ಫುಟ್‌ಬಾಲ್ ಆಟಗಾರನ ಮಂಡಿ ನೋಡಿದೆ. ಇನ್ನೂ ಆಡಿದರೆ ಆತ ಕುಂಟುವುದು ಖಚಿತವಿತ್ತು. ಮೈಸೂರಿನಲ್ಲಿ ಕಲಿತ ಅಭ್ಯಾಸದಂತೆ ಅದನ್ನು ರೋಗಿಗೆ ಹೇಳದೆ, ಜೊತೆಗೆ ಬಂದಿದ್ದ ಹಿರಿಯರನ್ನು, ಅಂದರೆ ತಂಡದ ಮ್ಯಾನೇಜರನ್ನು, ಹೊರಗೆ ಕರೆದು ಹೇಳಿದೆ. ಆಮೇಲೆ ಆತ ಬ್ರಿಸ್ಬೇನ್‌ನಲ್ಲಿ ಆಡುತ್ತಿದ್ದಾನೆಂದು ಕೇಳಿ, ಹಟಮಾರಿ ಅಂದುಕೊಂಡೆ.

ಎಂಬತ್ತರ ದಶಕದಲ್ಲಿ ಆತ ಅಡಿಲೇಡ್‌ನ ನನ್ನ ಕ್ಲಿನಿಕ್ಕಿಗೆ ಕುಂಟುತ್ತಾ ಬಂದ. ಈಗ ಕೋಚ್ ಆಗಿದ್ದ. ಮಂಡಿ ಊದಿದ್ದ ತನ್ನ ಆಟಗಾರನೊಬ್ಬನನ್ನು ಕರೆತಂದಿದ್ದ. ಪರೀಕ್ಷಿಸಿ, ಎಂದಿನಂತೆ ಕೋಚ್‌ನನ್ನು ಹೊರಗೆ ಕರೆದೆ. ಆತ ಏಳಲಿಲ್ಲ.

“ಇವನಿಗೇ ಹೇಳಿ ಡಾಕ್ಟರ್, ಕಾಲು ಇವನದು. ಪರ್ತ್‌ನಲ್ಲಿ ನನಗೆ ಯಾರೂ ಏನೂ ಹೇಳಲಿಲ್ಲ.”

ಮ್ಯಾನೇಜರ್ ಮುಚ್ಚಿಟ್ಟರೋ, ನಾನೇ ಸರಿಯಾಗಿ ಹೇಳಲಿಲ್ಲವೋ, ಈಗಲೂ ತಿಳಿಯದು. ಆಟಗಾರನ ಕಡೆ ತಿರುಗಿದೆ. ಮಾತು ಎಲ್ಲಿಂದ ಶುರುಮಾಡಬೇಕೆಂದು ಗೊತ್ತಾಗಲಿಲ್ಲ.